ಸೋಲು ಒಪ್ಪದಿದ್ದರೆ ಮುಂದೇನು: ಎಣಿಕೆ ಮೇಜಿನಿಂದ ಹೈಕೋರ್ಟ್‌ವರೆಗೆ

ಸೋತವರು ಸೋಲು ಒಪ್ಪಿದರೂ ಅಷ್ಟೇ, ಒಪ್ಪದಿದ್ದರೂ ಅಷ್ಟೇ. ನಮ್ಮ ಚುನಾವಣಾ ಕಾನೂನಿನಲ್ಲಿ ಅದಕ್ಕೊಂದು ಕಾಲಮ್ಮೇ ಇಲ್ಲ. ಚುನಾವಣಾಧಿಕಾರಿ ಫಲಿತಾಂಶ ಘೋಷಿಸಿ ಫಾರಂ 22ರ ಪ್ರಮಾಣಪತ್ರ ಕೊಟ್ಟರೆ ಗೆದ್ದವರು ಗೆದ್ದಂತೆ. ಗೇಟಿನ ಮುಂದೆ ಧರಣಿ ಕೂತರೂ ಪ್ರಮಾಣವಚನ ನಿಲ್ಲುವುದಿಲ್ಲ. ತಕರಾರು ಬರಹದಲ್ಲಿರಬೇಕು, ಗಡುವಿನೊಳಗಿರಬೇಕು. (ಇಲ್ಲಿ ಹೇಳುವುದು ವಿಧಾನಸಭೆ, ಲೋಕಸಭೆಗೆ ಮಾತ್ರ. ಪಂಚಾಯಿತಿಗಳಿಗೆ ಬೇರೆ ಕಾಯ್ದೆ.)

ಕೆಲಸ ಶುರುವಾಗುವುದು ಎಣಿಕೆ ಮೇಜಿನಲ್ಲೇ. ಮತದಾನ ಮುಗಿದಾಗ ಮತಗಟ್ಟೆಯಲ್ಲಿ ಏಜೆಂಟರಿಗೆ ಸಿಗುವ ಫಾರಂ 17ಸಿ (ಆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕ) ಪ್ರತಿಗಳನ್ನು ಬೂತ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಒಳಗೆ ಒಯ್ಯಿರಿ. ಮತಗಳ ಲೆಕ್ಕವಿರುವ ಮತಯಂತ್ರದ ಭಾಗ, ಅಂದರೆ ಕಂಟ್ರೋಲ್ ಯೂನಿಟ್, ಆನ್ ಮಾಡಿದೊಡನೆ ಒಟ್ಟು ಮತ ನೋಡಿ. 17ಸಿಯಲ್ಲಿ 812 ಇದ್ದು ಯಂತ್ರ 862 ತೋರಿಸಿದರೆ ಬೆಚ್ಚಬೇಡಿ. ಮತದಾನಕ್ಕೆ ಮುಂಚೆ ಯಂತ್ರ ಪರೀಕ್ಷಿಸುವ ಅಣಕು ಮತದಾನಕ್ಕೆ ಕನಿಷ್ಠ 50 ಮತ ಒತ್ತುತ್ತಾರೆ. ಬೆಳಿಗ್ಗೆ ‘ಕ್ಲಿಯರ್’ ಒತ್ತಲು ಮರೆತರೆ ಅವೂ ಸೇರಿಕೊಳ್ಳುತ್ತವೆ. ಅಂಥ ಯಂತ್ರವನ್ನು ಬದಿಗಿಡಿಸಿ. ಗೆಲುವಿನ ಅಂತರ ಆ ಬೂತಿನ ಮತಗಳಿಗಿಂತ ಹೆಚ್ಚಿಲ್ಲದಿದ್ದರೆ ವಿವಿಪ್ಯಾಟ್ ಚೀಟಿ (ಒತ್ತಿದ ಮತವನ್ನು ಮುದ್ರಿಸಿದ ಕಾಗದ) ಎಣಿಸುತ್ತಾರೆ. ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಾದರೆ, ಆ ಅಂಚೆ ಮತಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಲೇಬೇಕು. 2023ರಲ್ಲಿ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ. 2004ರಲ್ಲಿ ಸಂತೇಮರಹಳ್ಳಿಯದು ಒಂದೇ ಮತದ ಮೇಲೆ.

ಮರುಎಣಿಕೆ ಕೇಳುವ ಕಿಟಕಿ ತೀರ ಚಿಕ್ಕದು. ಒಟ್ಟು ಮತಗಳನ್ನು ಓದಿ ಹೇಳಿದ ನಂತರ, ಚುನಾವಣಾಧಿಕಾರಿ ಅಂತಿಮ ಫಲಿತಾಂಶ ಪಟ್ಟಿಯಾದ ಫಾರಂ 20ಕ್ಕೆ ಸಹಿ ಹಾಕುವುದರೊಳಗೆ ಅರ್ಜಿ ಅವರ ಕೈ ಸೇರಬೇಕು. ಬಾಯಿಮಾತು, ಕೂಗಾಟ ಲೆಕ್ಕಕ್ಕಿಲ್ಲ. ಚುನಾವಣಾ ನಿರ್ವಹಣಾ ನಿಯಮಗಳ 63ನೇ ನಿಯಮ ಕಾರಣ ಬರೆಯಿರಿ ಎನ್ನುತ್ತದೆ. ‘ಅನುಮಾನವಿದೆ’ ಎಂದು ಬರೆದರೆ ಸೋತಂತೆ. ಯಾವ ಸುತ್ತು, ಯಾವ ಮೇಜು, ಯಾವ ಬೂತ್, ಎಷ್ಟು ವ್ಯತ್ಯಾಸ ಎಂದು ಬರೆಯಿರಿ. ತಿರಸ್ಕರಿಸಿದರೆ ಲಿಖಿತ ಆದೇಶದ ಪ್ರತಿ ಪಡೆಯಿರಿ. ಮುಂದೆ ಕೋರ್ಟ್ ಮೊದಲು ಕೇಳುವುದು ಅದನ್ನೇ.

ಯಂತ್ರದ ಮೇಲೇ ಸಂಶಯವಿದ್ದರೆ, ಸುಪ್ರೀಂ ಕೋರ್ಟಿನ 2024ರ ಏಪ್ರಿಲ್ 26ರ ತೀರ್ಪಿನಂತೆ ಎರಡನೇ, ಮೂರನೇ ಸ್ಥಾನದವರು ಫಲಿತಾಂಶದ 7 ದಿನದೊಳಗೆ ತಪಾಸಣೆ ಕೇಳಬಹುದು. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5% ಇವಿಎಂ. ಖರ್ಚು ನಿಮ್ಮದು; ಯಂತ್ರ ತಿದ್ದಿದ್ದು ಸಾಬೀತಾದರೆ ಹಣ ವಾಪಸ್.

ಉಳಿದದ್ದು ಚುನಾವಣಾ ತಕರಾರು ಅರ್ಜಿ. ಸಂವಿಧಾನದ 329(ಬಿ) ವಿಧಿಯಿಂದಾಗಿ ಬೇರೆ ದಾರಿಯಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಡಿ ಅಭ್ಯರ್ಥಿ ಅಥವಾ ಕ್ಷೇತ್ರದ ಯಾವುದೇ ಮತದಾರ ನೇರ ಹೈಕೋರ್ಟಿಗೆ ಹೋಗಬಹುದು. ಗಡುವು 45 ದಿನ, ಎಣಿಕೆ ಫಲಿತಾಂಶ ಘೋಷಣೆಯ ದಿನದಿಂದ, ಗೆಜೆಟ್ ಪ್ರಕಟಣೆಯಿಂದಲ್ಲ. ‘ತಡವಾಯಿತು, ಮನ್ನಿಸಿ’ ಎಂಬ ಅರ್ಜಿ ಇಲ್ಲಿ ನಡೆಯುವುದಿಲ್ಲ. ಭದ್ರತಾ ಠೇವಣಿ 2,000 ರೂಪಾಯಿ ಮಾತ್ರ. ಆದರೆ ಅದನ್ನು ಕಟ್ಟದಿದ್ದರೆ ಅರ್ಜಿ 86ನೇ ಸೆಕ್ಷನ್ನಿನಡಿ ವಜಾ. ಎದುರುದಾರರು ಎಷ್ಟು ಮಂದಿಯೋ ಅಷ್ಟು ಪ್ರತಿ ಕೊಡಬೇಕು, ಪ್ರತಿಯೊಂದರಲ್ಲೂ ‘ನಿಜಪ್ರತಿ’ ಎಂದು ಅರ್ಜಿದಾರರದೇ ಸಹಿ ಇರಬೇಕು. ವಕೀಲರ ಗುಮಾಸ್ತನ ಸಹಿ ಸಾಲದು. ಗೆದ್ದವರ ಆಯ್ಕೆ ರದ್ದಾಗಲಿ ಎಂದಷ್ಟೇ ಅಲ್ಲ, ನನ್ನನ್ನೇ ಗೆದ್ದವನೆಂದು ಘೋಷಿಸಿ ಎಂದು ಕೇಳಿದರೆ ಕಣದಲ್ಲಿದ್ದ ಎಲ್ಲರನ್ನೂ ಎದುರುದಾರರನ್ನಾಗಿಸಬೇಕು. ಠೇವಣಿ ಕಳೆದುಕೊಂಡ ಪಕ್ಷೇತರನನ್ನು ಬಿಟ್ಟರೂ ಅರ್ಜಿ ಬೀಳುತ್ತದೆ. ಹೀಗೆ ಘೋಷಣೆ ಕೇಳಿದಾಗ ಗೆದ್ದವರಿಗೂ ನಿಮ್ಮ ಮೇಲೆ ಪ್ರತಿ-ಆರೋಪ ಹೊರಿಸುವ ಹಕ್ಕು ಬರುತ್ತದೆ.

ಹಣ ಹಂಚಿದರು, ಜಾತಿ ಹೆಸರಲ್ಲಿ ಮತ ಕೇಳಿದರು ಎಂಬಂಥ 123ನೇ ಸೆಕ್ಷನ್ನಿನ ಭ್ರಷ್ಟಾಚರಣೆಯ ಆರೋಪಕ್ಕೆ ಫಾರಂ 25ರ ಪ್ರಮಾಣಪತ್ರ (ಅಫಿಡವಿಟ್) ಬೇಕು: ಯಾರು, ಎಲ್ಲಿ, ಯಾವ ದಿನ. ಅಂತರ ಕಡಿಮೆ ಎಂಬ ಒಂದೇ ಕಾರಣಕ್ಕೆ ಯಾವ ಕೋರ್ಟೂ ಮರುಎಣಿಕೆಗೆ ಆದೇಶಿಸುವುದಿಲ್ಲ.

ಕೊಟ್ಟ ಅರ್ಜಿಯನ್ನು ರಾಜಿಯಾಗಿ ಹಿಂಪಡೆಯುವುದೂ ಸುಲಭವಲ್ಲ, ಹೈಕೋರ್ಟಿನ ಅನುಮತಿ ಬೇಕು. ವಿಚಾರಣೆ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. 1971ರ ರಾಯ್‌ಬರೇಲಿ ಚುನಾವಣೆಯ ಮೇಲೆ ರಾಜನಾರಾಯಣ್ ಹಾಕಿದ ಅರ್ಜಿಗೆ ಅಲಹಾಬಾದ್ ಹೈಕೋರ್ಟ್ ತೀರ್ಪು ಬಂದದ್ದು 1975ರ ಜೂನ್ 12ರಂದು. ಅಷ್ಟು ದಿನವೂ ಆ ಕ್ಷೇತ್ರದ ಸಂಸದರ ಕುರ್ಚಿಯಲ್ಲಿ ಕೂತಿದ್ದವರು, ಅಲ್ಲಿ ಗೆದ್ದಿದ್ದ ಇಂದಿರಾ ಗಾಂಧಿಯೇ.