ಶಾಂಪೇನ್ ಬಿರಡೆ ಹಾರಿಸಬೇಡಿ: ಫ್ರೆಂಚ್ ವೈನ್ ಕೊಳ್ಳುವ, ತೆರೆಯುವ, ಬಡಿಸುವ ಕ್ರಮ

ಪ್ಯಾರಿಸ್ಸಿನಿಂದಲೋ ದುಬೈಯಿಂದಲೋ ಬರುವವರಿಗೆ ಹೇಳಿ ಒಂದು ಶಾಂಪೇನ್, ಬೋರ್ಡೋ ಪ್ರದೇಶದ ಒಂದು ಕೆಂಪು ವೈನ್ ತರಿಸಿಕೊಳ್ಳುವುದು ಬೆಂಗಳೂರಿನ ಮನೆಗಳಲ್ಲಿ ಈಗ ಮಾಮೂಲು. ಸುಂಕವಿಲ್ಲದೆ ತರಬಹುದಾದ 2 ಲೀಟರಿನ ಮಿತಿಯೊಳಗೆ 750 ಮಿ.ಲೀ.ನ ಎರಡು ಬಾಟಲಿ ಸಲೀಸಾಗಿ ಬರುತ್ತವೆ. ಆದರೆ ಮನೆಗೆ ಬಂದ ಮೇಲೆ ಆ ಬಾಟಲಿಗಳಿಗೆ ಆಗುವ ಗತಿ ನೋಡಿದರೆ ಸಂಕಟವಾಗುತ್ತದೆ. ಶಾಂಪೇನನ್ನು ಕುಲುಕಿ ಬಿರಡೆಯನ್ನು ಚಾವಣಿಗೆ ಹಾರಿಸುತ್ತಾರೆ. ಕಾಲು ಬಾಟಲಿ ನೆಲದ ಪಾಲು. ಕೆಂಪು ವೈನನ್ನು ಏಪ್ರಿಲ್ ಸೆಕೆಯಲ್ಲಿ ಷೋಕೇಸಿನಿಂದ ತೆಗೆದು ನೇರವಾಗಿ ಗ್ಲಾಸಿಗೆ ಬಗ್ಗಿಸುತ್ತಾರೆ. ತಯಾರಿಸಿದವರು ವರ್ಷಗಟ್ಟಲೆ ಕಾದು ಮಾಡಿದ್ದನ್ನು ನಾವು ಹತ್ತು ನಿಮಿಷದಲ್ಲಿ ಕೆಡಿಸುತ್ತೇವೆ. ಇದು ದುಡ್ಡಿನ ನಷ್ಟ ಮಾತ್ರವಲ್ಲ, ಒಳ್ಳೆಯ ವೈನಿಗೆ ಮಾಡುವ ಅನ್ಯಾಯ.

1. ಲೇಬಲ್ಲಿನಲ್ಲಿ ಊರು ಓದಿ, ದ್ರಾಕ್ಷಿ ಗೊತ್ತಾಗುತ್ತದೆ

ಫ್ರಾನ್ಸಿನ ಒಳ್ಳೆಯ ವೈನುಗಳ ಮೇಲೆ ದ್ರಾಕ್ಷಿಯ ಹೆಸರು ಇರುವುದು ಅಪರೂಪ. ಇರುವುದು ಊರಿನ ಹೆಸರು. ಯಾವ ಊರಿನ ಹೆಸರಿನಲ್ಲಿ ಯಾವ ದ್ರಾಕ್ಷಿ ಬಳಸಬಹುದು ಎಂಬುದನ್ನು ಅಲ್ಲಿನ ಕಾನೂನೇ ಗೊತ್ತುಮಾಡಿದೆ. ಆ ವ್ಯವಸ್ಥೆ 1935ರಿಂದ ಇದೆ. ಹಾಗಾಗಿ ನಾಲ್ಕು ಪ್ರದೇಶ ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಬೋರ್ಡೋದಲ್ಲಿ ನದಿಯ ಎಡದಂಡೆ, ಬಲದಂಡೆ ಬೇರೆ ಬೇರೆ. ಎಡದಂಡೆಯ ಮೇಡೋಕ್, ಪೋಯಾಕ್, ಮಾರ್ಗೋಗಳಲ್ಲಿ ನೆಲ ಜಲ್ಲಿಕಲ್ಲಿನದು. ನೀರು ಬೇಗ ಬಸಿಯುತ್ತದೆ, ಕಲ್ಲು ಬಿಸಿಲಿನ ಕಾವು ಹಿಡಿದಿಡುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೇ ಸೊವಿನ್ಯೋನ್‌ಗೆ ಅದೇ ಬೇಕು. ವೈನ್ ಒಗರು, ಗಡಸು, ದೀರ್ಘಾಯುಷಿ. ಬಲದಂಡೆಯ ಪೊಮರೋಲ್, ಸಾಂತ್ ಎಮಿಲಿಯೋಗಳಲ್ಲಿ ಜೇಡಿಮಣ್ಣು ಹೆಚ್ಚು. ಅಲ್ಲಿ ಬೇಗ ಮಾಗುವ ಮೆರ್ಲೋದ್ದೇ ದೊಡ್ಡಪಾಲು, ಜೊತೆಗೆ ಕ್ಯಾಬರ್ನೇ ಫ್ರಾಂಕ್. ಮೊದಲ ಸಲ ಬೋರ್ಡೋ ಕುಡಿಯುವವರಿಗೆ ಬಲದಂಡೆಯದನ್ನೇ ಕೊಡಿ, ನಾಲಿಗೆ ಒಣಗುವುದಿಲ್ಲ. ಬೋರ್ಡೋ ವೈನುಗಳನ್ನು ದರ್ಜೆವಾರು ವಿಂಗಡಿಸಿದ 1855ರ ಪಟ್ಟಿಯ ಮೊದಲ ದರ್ಜೆಯ ಐದು ಮನೆತನಗಳ ವೈನಿನ ಬೆಲೆ ನಮ್ಮಂಥವರ ಕೈಗೆಟುಕದು. ಆ ಪಟ್ಟಿ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಆ ಐದರಲ್ಲೊಂದಾದ ಮೂತೋನ್ ರೋತ್ಶೀಲ್ಡ್ ಮೊದಲ ದರ್ಜೆಗೆ ಏರಿದ್ದೇ 1973ರಲ್ಲಿ. ಆ ಪಟ್ಟಿಯಲ್ಲಿಲ್ಲದ, ‘ಕ್ರೂ ಬುರ್ಜ್ವಾ’ ದರ್ಜೆ ಎಂದು ಬರೆದಿರುವ ಮೇಡೋಕ್ ವೈನನ್ನು ಕೊಳ್ಳಿ. ಅದೇ ನೆಲ, ಅದೇ ದ್ರಾಕ್ಷಿ, ತೀರಾ ಕಡಿಮೆ ಬೆಲೆ.

ಬರ್ಗಂಡಿಯ ಕೆಂಪು ಎಂದರೆ ಪಿನೋ ನ್ವಾರ್. ಬಣ್ಣ ತೆಳು, ಪರಿಮಳ ಗಾಢ. 1395ರಲ್ಲಿ ಅಲ್ಲಿನ ದೊರೆ ಫಿಲಿಪ್, ಗಾಮೇ ದ್ರಾಕ್ಷಿಯ ಬಳ್ಳಿಗಳನ್ನು ಕಿತ್ತೆಸೆಯಲು ಆಜ್ಞೆ ಹೊರಡಿಸಿದ. ಗಾಮೇ ದಕ್ಷಿಣದ ಬೋಜೋಲೇಯಲ್ಲಿ ನೆಲೆಯೂರಿತು. ರೋನ್ ಕಣಿವೆಯ ಉತ್ತರ ತುದಿಯ ಕೋತ್-ರೋತೀ, ಎರ್ಮಿತಾಜ್‌ಗಳಲ್ಲಿ ಸಿರಾ. ದಕ್ಷಿಣದ ಶಾತೋನೂಫ್-ದು-ಪಾಪ್‌ನಲ್ಲಿ ಗ್ರೆನಾಶ್ ಮುಖ್ಯ.

ಶಾಂಪೇನ್‌ಗೆ ಮುಖ್ಯವಾಗಿ ಮೂರು ದ್ರಾಕ್ಷಿ: ಶಾರ್ಡೊನೇ, ಪಿನೋ ನ್ವಾರ್, ಮ್ಯುನಿಯೇ. ಕೊನೆಯ ಎರಡರ ಸಿಪ್ಪೆ ಕಪ್ಪು, ರಸ ಬಿಳಿ. ಸಿಪ್ಪೆಯ ಬಣ್ಣ ಇಳಿಯದಂತೆ ಮೆತ್ತಗೆ ಹಿಂಡುತ್ತಾರೆ, 4,000 ಕೆ.ಜಿ. ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ತೆಗೆಯಬಹುದೆಂಬ ನಿಯಮವಿದೆ. ‘ಬ್ಲಾಂಕ್ ದೆ ಬ್ಲಾಂಕ್’ ಎಂದರೆ ಬಿಳಿ ಹಣ್ಣಿನದು, ಸಾಮಾನ್ಯವಾಗಿ ಬರೀ ಶಾರ್ಡೊನೇ. ‘ಬ್ಲಾಂಕ್ ದೆ ನ್ವಾರ್’ ಕಪ್ಪು ಹಣ್ಣಿನದು, ಮೈತುಂಬಿದ್ದು. ನನಗೆ ಮೊದಲನೆಯದೇ ಮೇಲು.

ಇಲ್ಲಿ ಅನೇಕರು ಎಡವುವುದು ಸಿಹಿಯ ವಿಷಯದಲ್ಲಿ. ‘ಎಕ್ಸ್‌ಟ್ರಾ ಡ್ರೈ’ ಎಂದು ಬರೆದದ್ದು ‘ಬ್ರೂಟ್’ಗಿಂತ ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ ಸಕ್ಕರೆ 12 ಗ್ರಾಮಿಗಿಂತ ಕಡಿಮೆ, ಎಕ್ಸ್‌ಟ್ರಾ ಡ್ರೈಯಲ್ಲಿ 12ರಿಂದ 17. ‘ಡೆಮಿ-ಸೆಕ್’ 32ರಿಂದ 50. ಸಿಹಿತಿಂಡಿಯ ಜೊತೆಗೆ ಇದನ್ನೇ ಕೊಡಿ. ಮೈಸೂರು ಪಾಕಿನ ಜೊತೆ ಬ್ರೂಟ್ ಕುಡಿದರೆ ಬರೀ ಹುಳಿ ಎನಿಸುತ್ತದೆ.

ಕೈ ಬಿಗಿಯಿದ್ದರೆ ಅಗ್ಗದ ಶಾಂಪೇನ್ ಹುಡುಕಬೇಡಿ. ಲ್ವಾರ್, ಅಲ್ಸಾಸ್ ಅಥವಾ ಲಿಮೂ ಕಡೆಯ ‘ಕ್ರೆಮಾಂ’ ಎಂಬ ಗುಳ್ಳೆಯ ವೈನ್ ಕೊಳ್ಳಿ. ಅದಕ್ಕೂ ಶಾಂಪೇನಿನಂತೆಯೇ ಬಾಟಲಿಯೊಳಗೇ ಎರಡನೆಯ ಹುದುಗು ಬರಿಸುತ್ತಾರೆ.

2. ತಂದ ಬಾಟಲಿ ಇಡುವುದು

ಒಲೆಯ ಮೇಲಿನ ಕಪಾಟು ಬೇಡ, ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಬೇಡ. ತಂಪಾದ ಕತ್ತಲಲ್ಲಿ, ಕೆಂಪಿನದನ್ನು ಮಲಗಿಸಿ ಇಡಿ.

3. ತಣಿಸುವುದು

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಫ್ರಾನ್ಸಿನ ಹಳೆಯ ಕಲ್ಲುಮನೆಗಳಲ್ಲಿ. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ನಮ್ಮಲ್ಲಿ ಬೇಸಿಗೆಯ ಹಾಲ್ 28 ಮುಟ್ಟುತ್ತದೆ. ಆ ಕಾವಿಗೆ ಆಲ್ಕೋಹಾಲ್ ಮೂಗಿಗೆ ಅಡರುತ್ತದೆ, ಹಣ್ಣಿನ ಪರಿಮಳ ಬೆಂದಂತಾಗುತ್ತದೆ. ಬಡಿಸುವ ಮೊದಲು ಬೋರ್ಡೋವನ್ನು ಫ್ರಿಜ್‌ನಲ್ಲಿಡಿ, ಬರ್ಗಂಡಿಯನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಬೋರ್ಡೋ 17 ಡಿಗ್ರಿ, ಬರ್ಗಂಡಿ 15ರ ಆಸುಪಾಸು ಇರಲಿ. ಬಾಟಲಿ ಮುಟ್ಟಿದರೆ ಕೈಗೆ ತಣ್ಣಗಿರಬೇಕು, ಕೊರೆಯಬಾರದು. ಕೆಂಪು ವೈನಿಗೆ ಐಸ್ ಹಾಕುವುದಂತೂ ಬೇಡವೇ ಬೇಡ.

ಶಾಂಪೇನ್ 8ರಿಂದ 10 ಡಿಗ್ರಿಗೆ ಇಳಿಯಬೇಕು. ಫ್ರಿಜ್‌ನಲ್ಲಿ ನಾಲ್ಕು ಗಂಟೆ, ಇಲ್ಲವೇ ಅರ್ಧ ಐಸು ಅರ್ಧ ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ. ಬರೀ ಐಸು ಹಾಕಬೇಡಿ. ನೀರಿದ್ದರೆ ಮಾತ್ರ ತಂಪು ಬಾಟಲಿಯ ಸುತ್ತಲೂ ಹತ್ತುತ್ತದೆ. ಅವಸರವಿದ್ದರೆ ನೀರಿಗೆ ಒಂದು ಹಿಡಿ ಉಪ್ಪು ಹಾಕಿ. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಒಡೆಯಬಹುದು.

4. ಶಾಂಪೇನ್ ತೆರೆಯುವುದು

ಎಲ್ಲರೂ ಹದಗೆಡಿಸುವ ಹಂತ ಇದು. ನಿಧಾನವಾಗಿ ಓದಿಕೊಳ್ಳಿ.

ಬಾಟಲಿಯೊಳಗೆ ಯೀಸ್ಟು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ. ಹೋಗಲು ದಾರಿಯಿಲ್ಲದೆ ಅದು ವೈನಿನಲ್ಲೇ ಕರಗಿರುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 6 ಪಟ್ಟು, ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು. ಬಿಸಿಯಾದಷ್ಟೂ ಇದು ಏರುತ್ತದೆ. ಹಾಗಾಗಿ ಸರಿಯಾಗಿ ತಣಿಯದ ಬಾಟಲಿಯನ್ನು ತೆರೆಯಲೇಬೇಡಿ. ಹಾರಿದ ಬಿರಡೆಯಿಂದ ಕಣ್ಣು ಕಳೆದುಕೊಂಡವರಿದ್ದಾರೆ.

ಮೊದಲು ಬಾಟಲಿಯ ಮೈ ಒರೆಸಿ. ಒದ್ದೆ ಗಾಜು ಕೈಯಿಂದ ಜಾರುತ್ತದೆ. ಮೇಲಿನ ಹಾಳೆ ಹರಿದು ತೆಗೆಯಿರಿ. ಅಡಿಯಲ್ಲಿ ತಂತಿಯ ಪಂಜರವಿದೆ. ಅದರ ಕುಣಿಕೆಯನ್ನು ಆರು ಅರ್ಧಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ಕುಣಿಕೆಗೆ ಕೈಹಚ್ಚುವ ಮೊದಲೇ ಎಡ ಹೆಬ್ಬೆರಳು ಬಿರಡೆಯ ನೆತ್ತಿಯ ಮೇಲಿರಬೇಕು. ಆ ಕ್ಷಣದಿಂದ ಬಿರಡೆ ಹೊರಬರುವವರೆಗೆ ಹೆಬ್ಬೆರಳು ಅಲ್ಲಿಂದ ಕದಲಬಾರದು. ಫೋಟೊ ತೆಗೆಯಲಿ, ಫೋನ್ ಬರಲಿ, ಬಾಟಲಿ ಕೆಳಗಿಟ್ಟು ಹೋಗಬೇಡಿ. ಪಂಜರ ಸಡಿಲವಾದ ಮೇಲೆ ಬಿರಡೆ ತಾನಾಗಿಯೇ ಚಿಮ್ಮಬಹುದು. ಪಂಜರವನ್ನು ಪೂರ್ತಿ ಕಳಚುವುದೂ ಬೇಡ. ಸಡಿಲಿಸಿ ಬಿರಡೆಯ ಮೇಲೇ ಬಿಡಿ, ಹಿಡಿತಕ್ಕೆ ಅನುಕೂಲ.

ಈಗ ಒಂದು ಬಟ್ಟೆ ಹೊದಿಸಿ ಬಿರಡೆಯನ್ನು ಮುಷ್ಟಿಯಲ್ಲಿ ಹಿಡಿಯಿರಿ. ಬಾಟಲಿಯನ್ನು 45 ಡಿಗ್ರಿ ಓರೆ ಮಾಡಿ, ಬಾಯಿ ಯಾರ ಮುಖಕ್ಕೂ ಟ್ಯೂಬ್‌ಲೈಟಿಗೂ ತಿರುಗಿರಬಾರದು. ಓರೆ ಮಾಡಿದಾಗ ವೈನಿನ ಮೇಲ್ಮೈ ಅಗಲವಾಗಿ ಅನಿಲ ಒಂದೇ ಕಡೆ ನುಗ್ಗದೆ ಹರಡುತ್ತದೆ, ನೊರೆ ಉಕ್ಕುವುದಿಲ್ಲ. ನೆಟ್ಟಗೆ ನಿಲ್ಲಿಸಿ ತೆರೆಯುವವರ ಬಾಟಲಿಯೇ ಯಾವಾಗಲೂ ಉಕ್ಕುವುದು.

ಬಿರಡೆ ತಿರುಗಿಸಬೇಡಿ. ಬಿರಡೆ ಹಿಡಿದ ಕೈ ಸ್ಥಿರವಾಗಿರಲಿ, ಇನ್ನೊಂದು ಕೈಯಿಂದ ಬಾಟಲಿಯ ಬುಡ ತಿರುಗಿಸಿ. ಬುಡ ಹಿಡಿದಾಗ ಬಲವೂ ಹೆಚ್ಚು, ಹತೋಟಿಯೂ ಹೆಚ್ಚು, ಬಿರಡೆ ಮುರಿಯುವ ಭಯವೂ ಕಡಿಮೆ. ಎರಡು ಮೂರು ತಿರುವಿಗೆ ಬಿರಡೆ ಹೊರಕ್ಕೆ ತಳ್ಳತೊಡಗುತ್ತದೆ. ಅದು ಬರುತ್ತಿದೆ ಎಂದು ಖುಷಿಯಾಗಿ ಎಳೆಯಬೇಡಿ. ಉಲ್ಟಾ, ಒಳಕ್ಕೆ ಒತ್ತಿ ಹಿಡಿಯಿರಿ. ಕೊನೆಯ ಗಳಿಗೆಯಲ್ಲಿ ಬಿರಡೆಯನ್ನು ಒಂದು ಬದಿಗೆ ಚೂರು ವಾಲಿಸಿ. ಸಂದಿನಿಂದ ಅನಿಲ ‘ಸುಸ್’ ಎಂದು ಜಾರಿಹೋಗುತ್ತದೆ. ಢಂ ಎನ್ನಬಾರದು. ಬಿರಡೆ ಬಂದ ಮೇಲೂ ಬಾಟಲಿಯನ್ನು ಕೆಲವು ಸೆಕೆಂಡು ಓರೆಯಲ್ಲೇ ಹಿಡಿದಿರಿ.

ಜಗ್ಗದ ಬಿರಡೆಗೆ ಕಾರ್ಕ್‌ಸ್ಕ್ರೂ ಚುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಒತ್ತಡದ ಬಾಟಲಿಗೆ ಅದು ಅಪಾಯ. ಒಣ ಬಟ್ಟೆ ಬಿಗಿಯಾಗಿ ಸುತ್ತಿ ಮತ್ತೆ ತಿರುಗಿಸಿ, ಬಿಡುತ್ತದೆ.

5. ಸುರಿಯುವುದು

ಗ್ಲಾಸು ಓರೆ ಹಿಡಿದು ಗೋಡೆಯ ಮೇಲೆ ನಿಧಾನವಾಗಿ ಇಳಿಸಿ. ರೀಮ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೆ-ಬೆಲೇರ್ ತಂಡ 2010ರಲ್ಲಿ ಅಳೆದು ತೋರಿಸಿದಂತೆ, ನೇರವಾಗಿ ನಡುವಿಗೆ ಸುರಿದರೆ ಹೆಚ್ಚು ಅನಿಲ ನಷ್ಟವಾಗುತ್ತದೆ. ಚಪ್ಪಟೆ ಬಟ್ಟಲಿನ ಗ್ಲಾಸು ಸಿನಿಮಾದಲ್ಲಿ ಚೆಂದ, ಗುಳ್ಳೆಯೂ ಪರಿಮಳವೂ ಬೇಗ ಹೋಗುತ್ತವೆ. ನಡು ಉಬ್ಬಿ ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸು ತನ್ನಿ. ಸಾಬೂನಿನ ಜಿಡ್ಡು ಉಳಿದರೆ ನೊರೆ ಸಾಯುತ್ತದೆ. ಬಿಸಿನೀರಿನಲ್ಲಿ ತೊಳೆದು ಹತ್ತಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಕಣ್ಣಿಗೆ ಕಾಣದ ಎಳೆಗಳೇ ಗುಳ್ಳೆ ಏಳುವ ನೆಲೆ.

6. ಕೆಂಪು ವೈನ್ ತೆರೆಯುವುದು

ಎರಡು ರೆಕ್ಕೆಯ ಅಗ್ಗದ ಕಾರ್ಕ್‌ಸ್ಕ್ರೂ ಕೊಳ್ಳಬೇಡಿ. ಅದರ ದಪ್ಪ ತಿರುಪು ಬಿರಡೆಯನ್ನು ಕೊರೆದು ಪುಡಿ ಮಾಡುತ್ತದೆ. ಹೋಟೆಲಿನ ಬಡಿಸುವವರ ಜೇಬಿನಲ್ಲಿರುವ, ತೆಳು ಸುರುಳಿಯ, ಎರಡು ಮೆಟ್ಟಿಲಿನ ಸನ್ನೆಗೋಲಿನದು ಸಾಕು.

ಹತ್ತು ಹದಿನೈದು ವರ್ಷ ಹಳೆಯ ಬೋರ್ಡೋ ಆಗಿದ್ದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಬೇರೆ ಪಾತ್ರೆಗೆ ಬಗ್ಗಿಸುವಾಗ ಬಾಟಲಿಯ ಕತ್ತಿನ ಹಿಂದೆ ಮೊಬೈಲಿನ ಟಾರ್ಚ್ ಇಡಿ. ಕಪ್ಪು ಗೆರೆ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ. ಎಳೆಯ ಮೇಡೋಕನ್ನು ಜಾಡಿಗೆ ಬಗ್ಗಿಸಿ ಒಂದೆರಡು ಗಂಟೆ ಗಾಳಿಗೆ ಬಿಡಿ, ಒಗರು ಮೆತ್ತಗಾಗುತ್ತದೆ. ಬಾಟಲಿಯ ಬಿರಡೆ ತೆಗೆದು ಹಾಗೇ ಇಟ್ಟರೆ ಏನೂ ಆಗದು. ಆ ಕಿರಿದಾದ ಕತ್ತಿನಲ್ಲಿ ಗಾಳಿ ತಾಗುವುದು ರೂಪಾಯಿ ಬಿಲ್ಲೆಯಷ್ಟು ಜಾಗಕ್ಕೆ. ಹಳೆಯ ಬರ್ಗಂಡಿಯನ್ನು ಮಾತ್ರ ಗಾಳಿಗೆ ಒಡ್ಡಬೇಡಿ, ಪರಿಮಳ ಹಾರಿಹೋಗುತ್ತದೆ. ಗ್ಲಾಸಿನ ಮೂರನೇ ಒಂದು ಭಾಗ ಸುರಿಯಿರಿ, ಸಾಕು.

7. ಊಟದ ಜೊತೆ

ಖಾರದ ಮೆಣಸಿನಕಾಯಿಯ ಮಸಾಲೆಗೆ ಎಳೆಯ ಮೇಡೋಕ್ ಕೊಡಬೇಡಿ. ಖಾರ ಒಗರನ್ನು ಕೆರಳಿಸುತ್ತದೆ. ಕೊಡಗಿನ ಪಂದಿ ಕರಿಗೆ ಉತ್ತರ ರೋನಿನ ಸಿರಾ ತೆಗೆಯಿರಿ. ಕರಿಮೆಣಸಿನ ಘಾಟಿಗೆ ಕಾರಣವಾದ ರೊಟಂಡೋನ್ ಎಂಬ ಪದಾರ್ಥ ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ, ಎರಡೂ ಒಂದನ್ನೊಂದು ಗುರುತಿಸುತ್ತವೆ. ಬ್ರೂಟ್ ಶಾಂಪೇನಿಗೆ ಉಪ್ಪು, ಕರಿದದ್ದು ಬೇಕು: ಕಾಣೆ ರವಾ ಫ್ರೈ.

ಉಳಿದ ಶಾಂಪೇನ್ ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ತೂಗುಬಿಟ್ಟರೆ ಗುಳ್ಳೆ ಉಳಿಯುತ್ತದೆ ಎಂಬುದು ಸುಳ್ಳು. ಕ್ಲಿಪ್ಪಿನಿಂದ ಕಚ್ಚಿ ಹಿಡಿಯುವ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಮುಗಿಸಿ. ಉಳಿದ ಕೆಂಪನ್ನೂ ಬಿರಡೆ ಹಾಕಿ ಫ್ರಿಜ್‌ನಲ್ಲೇ ಇಡಿ, ಮೂರು ದಿನ ದಾಟಿಸಬೇಡಿ.