ದೊಡ್ಡ ಮಕ್ಕಳ ಈಸ್ಟರ್‌ಗೆ ಮಿಠಾಯಿ ಬುಟ್ಟಿ ಬೇಡ

ಹತ್ತು-ಹನ್ನೊಂದು ವರ್ಷ ದಾಟಿದ ಮಕ್ಕಳಿಗೆ ಬುಟ್ಟಿ ತುಂಬ ಚಾಕೊಲೇಟ್ ಮೊಟ್ಟೆ ಕೊಟ್ಟರೆ ಮಧ್ಯಾಹ್ನದೊಳಗೆ ಬುಟ್ಟಿಯೂ ಖಾಲಿ, ಹಬ್ಬದ ಹುರುಪೂ ಖಾಲಿ. ಆ ವಯಸ್ಸಿನವರ ಕೈಗೆ ಕೆಲಸ ಬೇಕು. ಅದೂ ಒಲೆ, ಮೇಣ, ಅಳತೆ, ಗುಟ್ಟು ಎಲ್ಲ ಇರುವ ನಿಜವಾದ ಕೆಲಸ. ಹಬ್ಬದ ಒಂದು ಪಾಲನ್ನು ಪೂರ್ತಿಯಾಗಿ ಅವರಿಗೇ ಒಪ್ಪಿಸಿಬಿಡಿ, ನೀವು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಮೊದಲು ಮೊಟ್ಟೆಯಿಂದಲೇ ಶುರು ಮಾಡಿ. ಈಸ್ಟರ್‌ಗೆ ಮೊಟ್ಟೆ ಯಾಕೆ ಎಂದು ಈ ವಯಸ್ಸಿನವರು ಕೇಳಿಯೇ ಕೇಳುತ್ತಾರೆ. ಹಿಂದೆ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ನಲವತ್ತು ದಿನ ಮಾಂಸದ ಜೊತೆಗೆ ಮೊಟ್ಟೆಯೂ ನಿಷಿದ್ಧವಾಗಿತ್ತು. ಕೋಳಿಗಳು ಮಾತ್ರ ಇಡುವುದನ್ನು ನಿಲ್ಲಿಸುತ್ತಿರಲಿಲ್ಲ. ಹೀಗೆ ಉಳಿದ ಮೊಟ್ಟೆಗಳು ಹಬ್ಬದ ದಿನದ ಊಟಕ್ಕೂ ಉಡುಗೊರೆಗೂ ಬರುತ್ತಿದ್ದವು. ಒಡೆದು ಬರುವ ಹೊಸ ಜೀವ ಎಂಬ ಅರ್ಥದಲ್ಲಿ ಯೇಸುವಿನ ಪುನರುತ್ಥಾನಕ್ಕೂ ಮೊಟ್ಟೆ ಗುರುತಾಯಿತು. ಬಣ್ಣದ ನೀರು ಕುದಿಯುತ್ತಿರುವಾಗ ಇದನ್ನೆಲ್ಲ ಹೇಳಿ. ಕೈ ಕೆಲಸದಲ್ಲಿದ್ದಾಗ ಮಕ್ಕಳ ಕಿವಿ ತೆರೆದಿರುತ್ತದೆ.

ಬಣ್ಣಕ್ಕೆ ಅಂಗಡಿಯ ಪುಡಿಗಿಂತ ಅಡುಗೆಮನೆಯ ಸಾಮಾನೇ ಚೆಂದ. ಒಣ ಈರುಳ್ಳಿ ಸಿಪ್ಪೆಯನ್ನು ಕೆಲವು ದಿನ ಮೊದಲಿನಿಂದಲೇ ಕೂಡಿಡಿ. ಹತ್ತು-ಹನ್ನೆರಡು ಈರುಳ್ಳಿಯ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ, ಎರಡು ದೊಡ್ಡ ಚಮಚ ವಿನೆಗರ್ ಹಾಕಿದರೆ ಕೆಂಪು ಕಂದು ಬಣ್ಣ ಸಿದ್ಧ. ಅರಿಶಿನಕ್ಕೆ ಹಳದಿ, ಬೀಟ್‌ರೂಟ್‌ಗೆ ಗುಲಾಬಿ. ನನಗೆ ಎಲ್ಲಕ್ಕಿಂತ ಇಷ್ಟ ನೇರಳೆ ಎಲೆಕೋಸು. ಅದರ ರಸ ನೇರಳೆ, ಅದರಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಮುಳುಗಿದ ಬಿಳಿ ಮೊಟ್ಟೆ ಬೆಳಗ್ಗೆ ನೀಲಿಯಾಗಿ ಹೊರಬರುತ್ತದೆ! ಸ್ವಲ್ಪ ರಸವನ್ನು ಬೇರೆ ಲೋಟಗಳಲ್ಲಿ ಇಟ್ಟು, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಲು ಹೇಳಿ. ಒಂದು ಗುಲಾಬಿಗೆ ತಿರುಗುತ್ತದೆ, ಇನ್ನೊಂದು ನೀಲಿ-ಹಸಿರಿಗೆ. ಶಾಲೆಯಲ್ಲಿ ಓದಿದ ಆಮ್ಲ, ಕ್ಷಾರ ಆಗ ಕಣ್ಣೆದುರಿಗೆ ಬರುತ್ತವೆ. ಬೇಯಿಸಿದ ಮೊಟ್ಟೆಯ ಮೇಲೆ ಚಿಕ್ಕ ಎಲೆಯೊಂದನ್ನು ಒದ್ದೆ ಮಾಡಿ ಅಂಟಿಸಿ, ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಇಳಿಸಿದರೆ ಎಲೆಯ ಅಚ್ಚು ಬಿಳಿಯಾಗಿ ಉಳಿಯುತ್ತದೆ. ಒಣಗಿದ ಮೇಲೆ ಒಂದು ಹನಿ ಎಣ್ಣೆ ಸವರಿ, ಹೊಳಪು ಬರುತ್ತದೆ.

ಇನ್ನೂ ದೊಡ್ಡವರು, ಕೈ ನಿಂತವರು ಮನೆಯಲ್ಲಿದ್ದರೆ ಪಿಸಂಕ ಕಲಿಯಲಿ. ಇದು ಉಕ್ರೇನಿನ ಮೇಣದ ಚಿತ್ರದ ಮೊಟ್ಟೆ. ಈ ಕಲೆಯನ್ನು 2024ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮನೆಮಟ್ಟಿಗೆ ಗುಂಡುತಲೆಯ ಪಿನ್ನೊಂದನ್ನು ಪೆನ್ಸಿಲ್ಲಿನ ಹಿಂದಿನ ರಬ್ಬರಿಗೆ ಚುಚ್ಚಿದರೆ ಸಾಕು. ಕರಗಿದ ಮೇಣದಲ್ಲಿ ಅದ್ದಿ, ಹಸಿ ಮೊಟ್ಟೆಯ ಮೇಲೆ ಚುಕ್ಕಿ ಇಟ್ಟು ಎಳೆದರೆ ಹನಿಯಂಥ ಗೆರೆ ಬೀಳುತ್ತದೆ. ಬಿಳಿ ಉಳಿಯಬೇಕಾದ ಕಡೆ ಮೊದಲು ಮೇಣ, ಆಮೇಲೆ ಹಳದಿ ಬಣ್ಣಕ್ಕೆ. ಹಳದಿ ಉಳಿಯಬೇಕಾದಲ್ಲಿ ಮತ್ತೆ ಮೇಣ, ಆಮೇಲೆ ಕೆಂಪಿಗೆ. ಹೀಗೆ ತಿಳಿಯಿಂದ ಗಾಢಕ್ಕೆ ಹೋಗಬೇಕು. ಬಣ್ಣದ ನೀರು ತಣ್ಣಗಿರಲಿ, ಬಿಸಿಯಿದ್ದರೆ ಮೇಣ ಕರಗಿ ಹೋಗುತ್ತದೆ. ಕೊನೆಗೆ ಮೇಣದಬತ್ತಿಯ ಪಕ್ಕದಲ್ಲಿ ಹಿಡಿದು ಬಟ್ಟೆಯಿಂದ ಒರೆಸಿ. ಜ್ವಾಲೆಯ ಮೇಲೆ ಹಿಡಿದರೆ ಮಸಿ ಕೂರುತ್ತದೆ. ಒಳಗಿನ ಲೋಳೆಯನ್ನು ಚಿತ್ರವೆಲ್ಲ ಮುಗಿದ ಮೇಲೆ ತೆಗೆಯಿರಿ, ಯಾಕೆಂದರೆ ಖಾಲಿ ಚಿಪ್ಪು ಬಣ್ಣದಲ್ಲಿ ಮುಳುಗದೆ ತೇಲುತ್ತದೆ. ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ರಬ್ಬರಿನ ಗಾಳಿಬುರುಡೆಯಿಂದ ಊದಿ ತೆಗೆಯಬಹುದು. ಹಸಿ ಮೊಟ್ಟೆಗೆ ಬಾಯಿ ತಾಗಿಸಬೇಡಿ. ಮೇಣ ಕರಗಿಸುವಾಗ ದೊಡ್ಡವರೊಬ್ಬರು ಜಾಗ ಬಿಟ್ಟು ಏಳಲೇಬಾರದು.

ಮೊಟ್ಟೆ ಹುಡುಕುವ ಆಟ ಚಿಕ್ಕವರದು ಎಂದು ದೊಡ್ಡ ಮಕ್ಕಳು ಮೂಗು ಮುರಿದರೆ, ಬಚ್ಚಿಡುವ ಅಧಿಕಾರವನ್ನೇ ಅವರಿಗೆ ಕೊಡಿ. ತಮ್ಮ ತಂಗಿಯರಿಗಾಗಿ ಸುಳಿವು ಬರೆಯುವುದು, ನಕ್ಷೆ ಬಿಡಿಸುವುದು, ಎಲ್ಲಿ ಎಷ್ಟು ಇಟ್ಟಿದ್ದೇವೆಂದು ಪಟ್ಟಿ ಇಡುವುದು ಅವರ ಪಾಲಿಗಿರಲಿ. ಅವರಿಗೇ ಒಂದು ಆಟ ಬೇಕೆಂದರೆ ಸುಳಿವುಗಳನ್ನು ಕಠಿಣ ಮಾಡಿ. ನಿಂಬೆರಸದಲ್ಲಿ ಬರೆದು ಒಣಗಿಸಿದ ಚೀಟಿ ಖಾಲಿಯಾಗಿ ಕಾಣುತ್ತದೆ, ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿದಾಗ ಅಕ್ಷರ ಕಂದಾಗಿ ಮೂಡುತ್ತದೆ. ಅಕ್ಷರಗಳನ್ನು ಕನ್ನಡಿಯಲ್ಲಿ ಮಾತ್ರ ಓದಲಾಗುವಂತೆ ಬರೆಯಬಹುದು. ಒಂದು ಚಿತ್ರದ ತುಂಡುಗಳನ್ನು ತೆರೆದು ಮುಚ್ಚುವ ಬೇರೆ ಬೇರೆ ಪ್ಲಾಸ್ಟಿಕ್ ಮೊಟ್ಟೆಗಳಲ್ಲಿಟ್ಟು, ಜೋಡಿಸಿದ ಮೇಲೆ ಹಿಂಬದಿಯಲ್ಲಿ ಕೊನೆಯ ಸುಳಿವು ಓದುವಂತೆಯೂ ಮಾಡಬಹುದು.

ಈ ಪ್ಲಾಸ್ಟಿಕ್ ಮೊಟ್ಟೆಯೊಳಗೆ ಮಿಠಾಯಿ ಬದಲು ಏನಿಡಲಿ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಚೀಟಿ. "ಇಂದು ರಾತ್ರಿ ಒಂದು ಗಂಟೆ ತಡವಾಗಿ ಮಲಗಬಹುದು", "ಒಂದು ವಾರ ಪಾತ್ರೆ ತೊಳೆಯುವ ಸರದಿ ಇಲ್ಲ", "ಮುಂದಿನ ಭಾನುವಾರದ ಊಟ ನೀನು ಹೇಳಿದ್ದು", "ಅಪ್ಪನ ಜೊತೆ ಇಬ್ಬರೇ ಹೊರಗೆ". ಇದರಷ್ಟು ಬೆಲೆ ಯಾವ ಆಟಿಕೆಗೂ ಇಲ್ಲ. ಆದರೆ ಬರೆದುಕೊಟ್ಟಿದ್ದನ್ನು ನೆಪ ಹೇಳದೆ ನಡೆಸಿಕೊಡಬೇಕು, ಮಕ್ಕಳು ಅದನ್ನು ಮರೆಯುವುದಿಲ್ಲ. ಉಳಿದಂತೆ ಬೀಜದ ಪೊಟ್ಟಣ, ಬಣ್ಣದ ಪೆನ್ನು, ಇಸ್ಪೀಟು ಕಟ್ಟು, ಪುಟ್ಟ ಟಾರ್ಚ್ ಸಾಕು.

ತಿನ್ನುವುದಕ್ಕೆ ಶಿಲುಬೆ ಗುರುತಿನ ಬನ್ನು ಮಾಡಲಿ. ಇದು ಶುಭ ಶುಕ್ರವಾರದ ತಿನಿಸಾದರೂ ಶನಿವಾರವೂ ಮಾಡಬಹುದು. ಅರ್ಧ ಕಿಲೋ ಮೈದಾ, 7 ಗ್ರಾಂ ಒಣ ಈಸ್ಟ್, 300 ಮಿಲಿ ಉಗುರುಬೆಚ್ಚಗಿನ ಹಾಲು, 50 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಚೂರು ಉಪ್ಪು, ದಾಲ್ಚಿನ್ನಿ ಪುಡಿ, ಒಂದು ಹಿಡಿ ಒಣದ್ರಾಕ್ಷಿ. ಸಕ್ಕರೆ ಎರಡು ಚಮಚ ಮೀರದಿರಲಿ, ಸಿಹಿಯನ್ನು ದ್ರಾಕ್ಷಿ ಕೊಡುತ್ತದೆ. ಹಿಟ್ಟು ಮೊದಮೊದಲು ಕೈಗೆ ಅಂಟುತ್ತದೆ. ಅದಕ್ಕೆ ಮತ್ತೆ ಮತ್ತೆ ಮೈದಾ ಸುರಿಯದೆ ಹತ್ತು ನಿಮಿಷ ನಾದಬೇಕು. ಎರಡರಷ್ಟು ಉಬ್ಬಿದ ಮೇಲೆ ಉಂಡೆ ಕಟ್ಟಿ, ಮತ್ತೊಮ್ಮೆ ಉಬ್ಬಲು ಬಿಟ್ಟು, ಮೈದಾ-ನೀರಿನ ಗಟ್ಟಿ ಹಿಟ್ಟಿನಿಂದ ಶಿಲುಬೆ ಎಳೆದು, 200 ಡಿಗ್ರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಬೇಯಿಸಿದರೆ ಹದಿನೈದು ಬನ್ನು ಆಗುತ್ತವೆ. ಅದರಲ್ಲಿ ಅರ್ಧವನ್ನು ಯಾರ ಮನೆಗೆ ಕೊಡಬೇಕೆಂದು ಮಕ್ಕಳೇ ತೀರ್ಮಾನಿಸಲಿ, ಅವರೇ ಹೋಗಿ ಕೊಟ್ಟು ಬರಲಿ.

ಬೇಯಿಸಿದ ಮೊಟ್ಟೆಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದದ್ದನ್ನು, ಹುಡುಕಾಟದಲ್ಲಿ ಮಣ್ಣಿಗೆ ಬಿದ್ದು ಬಿರುಕು ಬಿಟ್ಟದ್ದನ್ನು ತಿನ್ನಬೇಡಿ. ಫ್ರಿಜ್ಜಿನಲ್ಲೇ ಇದ್ದವನ್ನು ಒಂದು ವಾರದೊಳಗೆ ಮುಗಿಸಿ. ಸೋಮವಾರ ಅವುಗಳ ಸಿಪ್ಪೆ ಬಿಡಿಸಿ, ಜಜ್ಜಿ, ಕಾಳುಮೆಣಸು ಉದುರಿಸಿ ಬ್ರೆಡ್ಡಿನ ನಡುವೆ ಇಟ್ಟರೆ ತಿಂಡಿಯ ಚಿಂತೆಯೂ ತೀರಿತು. ಬಿಳಿಯ ಭಾಗಕ್ಕೆ ಈರುಳ್ಳಿ ಸಿಪ್ಪೆಯದೋ ಎಲೆಕೋಸಿನದೋ ಬಣ್ಣ ಒಂದಿಷ್ಟು ಹಿಡಿದಿದ್ದರೆ ತಿನ್ನಲು ಅಡ್ಡಿಯಿಲ್ಲ.