ಸೆಲ್ಫಿಯಿಂದ ಪ್ರೊಫೈಲ್ ಫೋಟೊ: ಕೆನ್ನೆಯ ಮಚ್ಚೆ ಕಲಿಸಿದ ಪಾಠ

ಇಲ್ಲಿಯವರೆಗೆ ಎಐ ಬಳಸಿ ಹನ್ನೊಂದು ಜನರ ಪ್ರೊಫೈಲ್ ಫೋಟೊ ಮಾಡಿಕೊಟ್ಟಿದ್ದೇನೆ. ಎಲ್ಲವೂ ಫೋನಿನಲ್ಲಿ ತೆಗೆದ ಚಿತ್ರಗಳಿಂದಲೇ ಆದವು. ಒಂಬತ್ತು ಜನ ಅವನ್ನೇ ಆಫೀಸಿನ ಪ್ರೊಫೈಲ್‌ಗೆ ಹಾಕಿಕೊಂಡಿದ್ದಾರೆ. "ಮುಖ ಮೇಣದ ಬೊಂಬೆ ಥರ ಬರುತ್ತೆ ಕಣೋ, ಸುಮ್ನೆ ಟೈಮ್ ಹಾಳು" ಎಂದು ಫೋಟೊಗ್ರಾಫರ್ ಗೆಳೆಯನೊಬ್ಬ ಹೇಳಿದ್ದ. ಅವನ ಮಾತು ಆರು ತಿಂಗಳು ನಿಜವೇ ಆಗಿತ್ತು.

ಮೊದಲು ಒಂದು ರೆಡಿಮೇಡ್ ಎಐ ಸರ್ವಿಸ್‌ಗೆ ದುಡ್ಡು ಕಟ್ಟಿದೆ. ನೂರು ಚಿತ್ರ ಬಂದವು. ಕೋಟು, ಬೆಳಕು, ಹಿನ್ನೆಲೆ ಎಲ್ಲ ಚೆನ್ನಾಗಿದ್ದವು. ಮುಖ ನನ್ನದು ಅನ್ನಿಸಿದ್ದು ಎರಡರಲ್ಲಿ ಮಾತ್ರ. ದುಡ್ಡು ವಾಪಸ್ ಕೊಡಲಿಲ್ಲ. ಆಗಲೇ ನಾನೇ ಲೋರಾ (ಚಿತ್ರ ಬರೆಯುವ ಎಐ ಮಾಡೆಲ್‌ಗೆ ಒಂದು ಮುಖವನ್ನು ಕಲಿಸುವ ಪುಟ್ಟ ಜೋಡಣೆ ಫೈಲು) ಟ್ರೈನ್ ಮಾಡಬೇಕು ಎಂದು ತೀರ್ಮಾನಿಸಿದೆ.

ಎಸ್‌ಡಿಎಕ್ಸ್‌ಎಲ್ ಎಂಬ ಚಿತ್ರ ಬರೆಯುವ ಮಾಡೆಲ್ ಮೇಲೆ ಶುರು ಮಾಡಿದೆ. ಅರವತ್ತು ಸೆಲ್ಫಿ ಸುರಿದೆ. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆ. ಮಾಡೆಲ್ ಕೊಟ್ಟ ಪ್ರತಿ ಚಿತ್ರದಲ್ಲೂ ನನ್ನ ನೀಲಿ ಟೀ ಶರ್ಟಿನ ಕಾಲರ್ ಕೋಟಿನೊಳಗಿಂದ ಇಣುಕುತ್ತಿತ್ತು, ಏಕೆಂದರೆ ಇಪ್ಪತ್ತೈದು ಸೆಲ್ಫಿಗಳಲ್ಲಿ ಅದೇ ಶರ್ಟು. ಸ್ಟೆಪ್ಸ್ (ಕಲಿಸುವ ಸುತ್ತುಗಳು) ಇಳಿಸಿದೆ, ಮುಖ ಹೋಯಿತು. ಏರಿಸಿದೆ, ಶರ್ಟು ಬಂತು. 2024ರ ಆಗಸ್ಟ್‌ನಲ್ಲಿ ಫ್ಲಕ್ಸ್ ಡೆವ್ ಎಂಬ ಹೊಸ ಮಾಡೆಲ್ ಬಂದಾಗ ಅದಕ್ಕೆ ಹಾರಿದೆ. ಚರ್ಮ, ಬಟ್ಟೆ ಎಲ್ಲ ಸುಧಾರಿಸಿತು. ಆದರೂ ನೋಡಿದವರು "ನಿನ್ನ ತಮ್ಮನಾ?" ಎಂದರು.

ಇದರ ನಡುವೆ ಒಂದು ರಾತ್ರಿ ಬಾಡಿಗೆ ಜಿಪಿಯು (ಟ್ರೈನಿಂಗ್ ಓಡಿಸುವ ಗ್ರಾಫಿಕ್ಸ್ ಚಿಪ್) ಆಫ್ ಮಾಡುವುದನ್ನು ಮರೆತು ಮಲಗಿದೆ. ಬೆಳಿಗ್ಗೆಗೆ ಒಂಬತ್ತು ಗಂಟೆಯ ಬಿಲ್. ಒಟ್ಟು ಸುಮಾರು ಎಪ್ಪತ್ತು ಗಂಟೆ ಜಿಪಿಯು ಉರಿಸಿರಬೇಕು. ಆ ದುಡ್ಡಿಗೆ ಸ್ಟುಡಿಯೊದಲ್ಲಿ ಎರಡು ಸಲ ಕೂತು ಬರಬಹುದಿತ್ತು. ಇದನ್ನು ಮುಚ್ಚಿಡುವುದಿಲ್ಲ. ಒಂದೇ ಫೋಟೊ ಬೇಕಾದವರಿಗೆ ಇಷ್ಟು ಪಾಡು ಬೇಡ.

ದಾರಿ ತೋರಿಸಿದ್ದು ನನ್ನ ಎಡಗೆನ್ನೆಯ ಮಚ್ಚೆ. ಒಂದು ಚಿತ್ರದಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಸೆಲ್ಫಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹಳೆಯ ಫೋನು ಕನ್ನಡಿಯಂತೆ ತಿರುಗಿಸಿ ಸೇವ್ ಮಾಡಿತ್ತು, ಹೊಸದು ಮಾಡಿರಲಿಲ್ಲ. ಸಾಲದ್ದಕ್ಕೆ ಟ್ರೈನರ್‌ನಲ್ಲಿ ಫ್ಲಿಪ್ ಆಗ್ಮೆಂಟೇಶನ್, ಅಂದರೆ ಚಿತ್ರಗಳನ್ನು ಎಡಬಲ ತಿರುಗಿಸಿಯೂ ಕಲಿಸುವ ಆಯ್ಕೆ, ಆನ್ ಇತ್ತು! ಯಾರ ಮುಖವೂ ಎರಡೂ ಕಡೆ ಒಂದೇ ಥರ ಇರಲ್ಲ ಅಲ್ವಾ? ಎಡ ಬಲ ಕಲಸಿಹೋದರೆ ಮಾಡೆಲ್ ಎರಡರ ಸರಾಸರಿ ಕಲಿಯುತ್ತದೆ. ತಮ್ಮನ ಮುಖ ಬಂದದ್ದು ಅಲ್ಲಿಂದಲೇ. ಫ್ಲಿಪ್ ಆಫ್ ಮಾಡಿ, ತಿರುಗಿದ್ದನ್ನೆಲ್ಲ ಸರಿಮಾಡಿದ ಮೇಲೆ ಅರ್ಧ ಕೆಲಸ ಆಯಿತು.

ಇನ್ನರ್ಧ ಕ್ಯಾಮೆರಾ ಎಷ್ಟು ದೂರ ಎಂಬುದರದ್ದು. ಕೈಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. 2018ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 12 ಇಂಚಿನಿಂದ ತೆಗೆದರೆ, 5 ಅಡಿಯಿಂದ ತೆಗೆದದ್ದಕ್ಕಿಂತ ಮೂಗಿನ ಅಗಲ ಸುಮಾರು ಶೇ. 30 ಜಾಸ್ತಿ ಕಾಣುತ್ತದೆ. ಆ ಮೂಗನ್ನೇ ಮಾಡೆಲ್ ಕಲಿತು, ದೂರದಿಂದ ತೆಗೆದಂಥ ಫೋಟೊದೊಳಗೆ ಕೂರಿಸುತ್ತಿತ್ತು. ಈಗ ಫೋನನ್ನು ಐದಾರು ಅಡಿ ದೂರ ಇಟ್ಟು, ಹಿಂದಿನ ಕ್ಯಾಮೆರಾದಲ್ಲಿ ಎರಡು ಪಟ್ಟು ಜೂಮ್, ಟೈಮರ್ ಹಾಕಿ ತೆಗೆಸುತ್ತೇನೆ. ಬ್ಯೂಟಿ ಫಿಲ್ಟರ್ ಆಫ್. ಬೇರೆ ಬೇರೆ ದಿನ, ಬೇರೆ ಬೇರೆ ಬಟ್ಟೆ, ಕಿಟಕಿಯ ಬೆಳಕು. ಒಟ್ಟು ಹದಿನೆಂಟೋ ಇಪ್ಪತ್ತೋ ಚಿತ್ರ ಸಾಕು. ಸೆಲ್ಫಿ ಮೂರಕ್ಕಿಂತ ಹೆಚ್ಚು ಸೇರಿಸುವುದಿಲ್ಲ, ಅದೂ ಕಣ್ಣಿನ ವಿವರಕ್ಕೆ ಮಾತ್ರ.

ಸೆಟ್ಟಿಂಗ್ ವಿಶೇಷವೇನಿಲ್ಲ. ರ‍್ಯಾಂಕ್ 16 (ಲೋರಾದ ಗಾತ್ರ), ಲರ್ನಿಂಗ್ ರೇಟ್ 0.0001 (ಕಲಿಯುವ ವೇಗ), 1,500 ಸ್ಟೆಪ್ಸ್ ಓಡಿಸಿ 1,200ರ ಆಸುಪಾಸಿನಲ್ಲಿ ಸೇವ್ ಆದ ಲೋರಾವನ್ನು ಆರಿಸುತ್ತೇನೆ. 24 ಜಿಬಿ ಜಿಪಿಯು ಕಾರ್ಡಿನಲ್ಲಿ ಒಂದೂವರೆ ಗಂಟೆ. ಗೈಡೆನ್ಸ್ (ಬರೆದ ಸೂಚನೆಗೆ ಮಾಡೆಲ್ ಎಷ್ಟು ಬಿಗಿಯಾಗಿ ಅಂಟಿಕೊಳ್ಳಬೇಕು ಎಂಬ ಅಳತೆ) 3.5ರಿಂದ 2.2ಕ್ಕೆ ಇಳಿಸಿದಾಗ ಮೇಣದ ಹೊಳಪು ಹೋಗಿ ಚರ್ಮದ ರಂಧ್ರ ಕಂಡವು. ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಬರೆದು ಕೊಡುವ ಸೂಚನೆಯಲ್ಲಿ) 'ಪ್ರೊಫೆಶನಲ್' ಎಂಬ ಪದ ಬಿಟ್ಟೆ. ಅದಿದ್ದರೆ ನನಗೆ ಬರುತ್ತಿದ್ದ ಚಿತ್ರಗಳಲ್ಲಿ ಬಣ್ಣ ಬಿಳಿಯಾಗುತ್ತಿತ್ತು, ವಯಸ್ಸು ಇಳಿಯುತ್ತಿತ್ತು. ಕೋಟು ಎಂಥದ್ದು, ಬೆಳಕು ಯಾವ ಕಡೆಯಿಂದ ಅಂತ ಮಾತ್ರ ಬರೆಯುತ್ತೇನೆ. ಯಾರ ಬಣ್ಣವನ್ನೂ ತಿಳಿ ಮಾಡಿ ಕೊಡುವುದಿಲ್ಲ, ಕೇಳಿದರೂ ಇಲ್ಲ. ಟ್ರೈನಿಂಗ್ ಚಿತ್ರಗಳಿಗೆ ಕ್ಯಾಪ್ಶನ್ (ವಿವರಣೆ) ಬರೆಯುವ ಕ್ರಮವೊಂದಿದೆ, ಕನ್ನಡಕದ ಗಾಜಿಗೆ ಒಂದು ಉಪಾಯವಿದೆ. ಅವೆರಡಕ್ಕೂ ನನ್ನ ಬಹಳ ರಾತ್ರಿಗಳು ಹೋಗಿವೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ಮಧ್ಯದಲ್ಲಿ ವಿಡಿಯೊದಿಂದ ಫ್ರೇಮ್ ಕಿತ್ತು ಟ್ರೈನ್ ಮಾಡಿ ನೋಡಿದೆ. ಮುಖದ ಕೋನಗಳು ಚೆನ್ನಾಗಿ ಸಿಕ್ಕವು, ಆದರೆ ಕಂಪ್ರೆಶನ್‌ನ (ಫೈಲ್ ಕುಗ್ಗಿಸುವಾಗ ಬರುವ) ಕೊಳೆಯನ್ನೂ ಮಾಡೆಲ್ ಕಲಿತುಬಿಟ್ಟಿತು. ಎರಡು ಬೇರೆ ಬೇರೆ ಸ್ಟೆಪ್ಸ್‌ನ ಲೋರಾಗಳನ್ನು ಅರ್ಧರ್ಧ ಬೆರೆಸಿದ್ದು ಮಾತ್ರ ಅಚ್ಚರಿ ಎನ್ನಿಸುವಷ್ಟು ಕೆಲಸ ಮಾಡಿತು. ಅದನ್ನು ಇನ್ನೂ ಪರೀಕ್ಷೆ ಮಾಡುತ್ತಿದ್ದೇನೆ.

ನನ್ನ ಮುಖದ ಮೇಲೆ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಅಕ್ಕನಿಗೆ ತೋರಿಸುತ್ತೇನೆ. ಹತ್ತು ಚಿತ್ರ, ಅದರಲ್ಲಿ ಮೂರು ನಿಜವಾದವು. ಕೊನೆಯ ಸಲ ಅವಳು ನಿಜವಾದದ್ದೊಂದನ್ನು ತೋರಿಸಿ, "ಇದು ನೀನಲ್ಲ" ಎಂದಳು! ಆ ದಿನ ಖುಷಿಗೆ ನಿದ್ದೆ ಬರಲಿಲ್ಲ.

ಈಗ ಒಂದು ಮುಖಕ್ಕೆ ಎರಡು ಗಂಟೆ ಜಿಪಿಯು, ಒಂದು ಸಂಜೆ ನನ್ನ ಕೆಲಸ. ಸ್ಟುಡಿಯೊ ಖರ್ಚಿನ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಮುಗಿದ ಮೇಲೆ ಅವರೆದುರಿಗೇ ಚಿತ್ರಗಳನ್ನೂ ಲೋರಾ ಫೈಲನ್ನೂ ಅಳಿಸುತ್ತೇನೆ. ಹನ್ನೊಂದನೆಯವನು ಆ ಫೋಟೊಗ್ರಾಫರ್ ಗೆಳೆಯ. ಐದು ಅಡಿ ದೂರದಿಂದ, ಕಿಟಕಿಯ ಪಕ್ಕ ನಿಂತು ತೆಗೆದ ಇಪ್ಪತ್ತು ಫೋಟೊ ತಾನಾಗಿಯೇ ಕಳಿಸಿದ್ದ. ಒಂದನ್ನೂ ತೆಗೆದುಹಾಕಬೇಕಾಗಿ ಬರಲಿಲ್ಲ.